ನಸುಕಿನ ಐದು ಗಂಟೆಯ ನೀರು

ತಂಗಿಯ ಫೋನು ಬಂದದ್ದು ಬೆಳಿಗ್ಗೆ ಆರರ ಹೊತ್ತಿಗೆ. "ಯಣ್ಣಾ, ಮ್ಯಾಲಿಂದ ಏನ್ ಬಿಟ್ಟಾರ? ಹೊಳಿ ನೀರು ಕರ್ರಗ ಆಗ್ಯಾವ. ಎಮ್ಮಿಗೋಳು ಸೈತ ಮೂಸಿ ನೋಡಿ ಹೊಳ್ಳಿ ಬಂದಾವ."

ಅವಳನ್ನು ಕೊಟ್ಟಿದ್ದು ಜೇವರ್ಗಿ ತಾಲ್ಲೂಕಿನ ಹೊಳೆದಂಡೆಯ ಊರಿಗೆ. ನಾನು ಹುಟ್ಟಿದ್ದು ಆಳಂದ ಸೀಮೆಯಲ್ಲಿ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ನೆಲೆ ನಿಂತದ್ದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೋರಳ್ಳಿ ಹತ್ತಿರದ ಜಲಾಶಯ ದಾಟಿ ಬರುವ ಅಮರ್ಜಾ ನದಿ, ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತಾಳೆ. ಅಲ್ಲಿಂದ ಭೀಮೆ ಜೇವರ್ಗಿ ಕಡೆ ಇಳಿಯುತ್ತಾಳೆ. ಮನೆತನ ಮೂರು ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದರೂ ನಾವು ಬಳಸುವ ನೀರು ಒಂದೇ. ತಂಗಿ "ಮ್ಯಾಲಿಂದ" ಎಂದದ್ದರಲ್ಲಿ ನಾನೂ ಸೇರಿದ್ದೆ.

ಅದು ಕಬ್ಬು ನುರಿಸುವ ಹಂಗಾಮು. ಅದೇ ವಾರ ನಮ್ಮೂರ ಹಳ್ಳದಲ್ಲೂ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಹುಳಿತ ಕಾಕಂಬಿಯ ವಾಸನೆ. ಬೆಳಗಾಗುವಾಗ ಸಣ್ಣ ಮೀನುಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದವು. ಹಳ್ಳದ ಮೇಲ್ಗಡೆ ಒಂದು ಕಾರ್ಖಾನೆ ಇದೆ. ಅದರ ಹೆಸರು ಬರೆಯುವುದಿಲ್ಲ, ಏಕೆಂದರೆ ಆ ದಿನ ನನ್ನ ಕೈಯಲ್ಲಿ ಅನುಮಾನವಿತ್ತೇ ಹೊರತು ಸಾಕ್ಷ್ಯ ಇರಲಿಲ್ಲ. ಅನುಮಾನಕ್ಕೂ ಸಾಕ್ಷ್ಯಕ್ಕೂ ಎಷ್ಟು ದೂರ ಎಂಬುದನ್ನು ನಾನು ಕಲಿತದ್ದು ಮುಂದಿನ ಎರಡು ಹಂಗಾಮುಗಳಲ್ಲಿ.

ದೂರು ಬರೆದೆ. ಊರಿನ ನಲವತ್ತು ಜನರ ಸಹಿ ಹಾಕಿಸಿದೆ. ಒಂದು ಬಾಟಲಿಯಲ್ಲಿ ನೀರು ತುಂಬಿ, ಬಸ್ಸಿನಲ್ಲಿ ಒಯ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಸೌಜನ್ಯದಿಂದಲೇ ಬಾಟಲಿಯನ್ನು ನನ್ನ ಕಡೆ ಸರಿಸಿದರು. "ಸರ್, ನೀವು ತಂದ ನೀರು ಕೋರ್ಟಿನಲ್ಲಿ ನಡೆಯೋದಿಲ್ಲರಿ." ಆಗ ಸಿಟ್ಟು ಬಂತು. ಮನೆಗೆ ಬಂದು 1974ರ ಜಲ ಮಾಲಿನ್ಯ ತಡೆ ಕಾಯ್ದೆಯನ್ನು ತರಿಸಿ ಓದಿದಾಗ ಅವರು ಹೇಳಿದ್ದು ಸರಿ ಎಂದು ಗೊತ್ತಾಯಿತು. ಕಾರ್ಖಾನೆಯ ತ್ಯಾಜ್ಯದ ಮಾದರಿ ಸಾಕ್ಷ್ಯವಾಗಬೇಕಾದರೆ 21ನೇ ಕಲಮಿನ ಪ್ರಕಾರ ಅಲ್ಲಿಯವರಿಗೆ ಸ್ಥಳದಲ್ಲೇ ನೋಟಿಸು ಕೊಟ್ಟು, ಅವರ ಎದುರಿಗೇ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಎರಡೂ ಕಡೆಯವರು ಸಹಿ ಮಾಡಬೇಕು. ಅದು ಅನ್ಯಾಯದ ನಿಯಮವಲ್ಲ. ಯಾರೋ ಎಲ್ಲಿಂದಲೋ ತುಂಬಿ ತಂದ ಬಾಟಲಿಯಿಂದ ಯಾರಿಗೂ ಶಿಕ್ಷೆಯಾಗಬಾರದು. ಆದರೆ ಮೊಹರು ಬರುವವರೆಗೆ ನೀರು ನಿಂತಿರುವುದಿಲ್ಲ. ಕೊಲೆಯಾದರೆ ಹೆಣ ಉಳಿಯುತ್ತದೆ, ಹಳ್ಳದಲ್ಲಿ ಆದದ್ದನ್ನು ಹಳ್ಳವೇ ತೊಳೆದುಕೊಂಡು ಹೋಗುತ್ತದೆ.

ತಪಾಸಣೆಯವರು ಹನ್ನೊಂದನೆಯ ದಿನ, ಮಧ್ಯಾಹ್ನ ಎರಡಕ್ಕೆ ಬಂದರು. ನೀರು ಹಸಿರಾಗಿತ್ತು, ವಾಸನೆ ಕಡಿಮೆಯಾಗಿತ್ತು. ಸ್ಥಳದಲ್ಲೇ ನೋಡಿದ ಆಮ್ಲಜನಕದ ಪ್ರಮಾಣ ಚೆನ್ನಾಗಿಯೇ ಇತ್ತು. ಊರಿನವರು ನನ್ನ ಮುಖ ನೋಡಿದರು.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಇಡೀ ಕತೆಯ ಗಂಟು ಇಲ್ಲಿಯೇ ಇದೆ. ಸಕ್ಕರೆ ವಿಷವಲ್ಲ. ಸಕ್ಕರೆ ಅಂಶವಿರುವ ನೀರು ಹಳ್ಳಕ್ಕೆ ಬಿದ್ದರೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಅವು ತಿನ್ನುತ್ತ, ಹೆಚ್ಚುತ್ತ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಹದವಾದ ಬಿಸಿಲಿನ ದಿನ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಎಂಟು ಮಿಲಿಗ್ರಾಂ ಆಸುಪಾಸು. ಮೀನು ಬದುಕಲು ನಾಲ್ಕಾದರೂ ಬೇಕು. ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಕೇಳುತ್ತವೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಜನ ಸ್ನಾನ ಮಾಡುವ ನದಿಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಂದು ದ್ರವ, ಸ್ಪೆಂಟ್ ವಾಶ್, ಅದರಲ್ಲಿ ಬಿಒಡಿ 40,000ವನ್ನೂ ದಾಟುತ್ತದೆ.

ಹಾಗಾದರೆ ಮಧ್ಯಾಹ್ನ ಆಮ್ಲಜನಕ ಎಲ್ಲಿಂದ ಬಂತು? ಪಾಚಿಯಿಂದ. ಕೊಳೆತ ನೀರಿನಲ್ಲಿ ಪಾಚಿ ಸೊಂಪಾಗಿ ಬೆಳೆಯುತ್ತದೆ, ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಅದೂ ಉಸಿರಾಡುತ್ತದೆ, ಇದ್ದದ್ದನ್ನೂ ಹೀರಿಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಿನ ಆಮ್ಲಜನಕ ತೀರಾ ಕೆಳಗಿರುತ್ತದೆ. ಮೀನು ಸಾಯುವುದು ಆ ಹೊತ್ತಿಗೆ. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು. ಹಳ್ಳದ ದಂಡೆಯಲ್ಲಿ ನೆನಪಿಸಿದವರು ಬಲೆ ಹಾಕುವ ಅಂಬಿಗರ ಕಾಕಾ. "ಸರ್ರ, ಮೀನ ಸಾಯೋದು ನಸುಕಿನ್ಯಾಗ, ಇವರು ಬರೋದು ಊಟ ಆದಮ್ಯಾಲ."

ಕಾಲೇಜಿನ ಪ್ರಯೋಗಾಲಯದಲ್ಲಿ ಎಷ್ಟೋ ಸಲ ಮಾಡಿಸಿದ ವಿಂಕ್ಲರ್ ಪರೀಕ್ಷೆಯನ್ನು ಹಳ್ಳಕ್ಕೆ ಒಯ್ದೆ. ಗಾಳಿಗುಳ್ಳೆ ಇಲ್ಲದಂತೆ ಬಾಟಲಿ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಮೇಲೆ ಕ್ಷಾರ ಬೆರೆತ ಅಯೋಡೈಡ್ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂಡುತ್ತದೆ, ಇಲ್ಲದಿದ್ದರೆ ಬಿಳಿ. ಲೆಕ್ಕ ಆಮೇಲೆ ಮಾಡಿಕೊಂಡರೂ ಬಣ್ಣ ಅಲ್ಲೇ ಕಣ್ಣಿಗೆ ಕಾಣುತ್ತದೆ. ಮುಂದಿನ ಹಂಗಾಮಿನಲ್ಲಿ ನೀರು ಮತ್ತೆ ಬಣ್ಣ ತಿರುಗಿದ ದಿನ ಮಧ್ಯಾಹ್ನ ಎರಡಕ್ಕೆ ಒಂದು ಬಾಟಲಿ, ಮರುದಿನ ನಸುಕಿನ ಐದಕ್ಕೆ ಅದೇ ಜಾಗದಲ್ಲಿ ಇನ್ನೊಂದು. ಮೊದಲನೆಯದು ಕಂದು. ಎರಡನೆಯದು ಹಾಲಿನಂತೆ ಬಿಳುಪಾಯಿತು. ಟಾರ್ಚಿನ ಬೆಳಕಿನಲ್ಲಿ ಆ ಬಿಳಿ ಗಸಿ ನಿಧಾನವಾಗಿ ತಳಕ್ಕೆ ಇಳಿಯುವುದನ್ನು ನೋಡುತ್ತ ಕುಳಿತದ್ದು ಮರೆಯಲಾರೆ. ಒಂದು ಇಡೀ ಹಳ್ಳ ಉಸಿರು ಕಟ್ಟಿ ಮಲಗಿತ್ತು.

ಎರಡು ಬಾಟಲಿಗಳ ಫೋಟೋ, ದಿನಾಂಕ, ಗಂಟೆ, ನೀರಿನ ಬಣ್ಣ, ಹಿಂದಿನ ದಿನ ಮಳೆ ಬಿದ್ದಿತ್ತೇ ಇಲ್ಲವೇ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮತ್ತೆ ದೂರು ಕೊಟ್ಟೆ. ಈ ಸಲ ಬಂದವರು ಒಬ್ಬ ಕಿರಿಯ ಅಧಿಕಾರಿ, ಬೆಳಿಗ್ಗೆಯೇ ಬಂದರು. ನನ್ನ ಪುಸ್ತಕವನ್ನು ಪುಟ ಪುಟವಾಗಿ ಓದಿದರು. ನಾನು ನೀರು ತೆಗೆದ ಜಾಗ ತೋರಿಸಿ ಎಂದರು. ನಿಂತು ನೋಡಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಸರ್, ಅಲ್ಲಿ ಮ್ಯಾಲೆ ಬಂದು ಕೂಡೋ ಗಟಾರ ಯಾವ ಊರಿಂದರಿ?"

ನಮ್ಮೂರಿನದೇ. ನನ್ನ ಮನೆಯ ಬಚ್ಚಲ ನೀರೂ ಅದರಲ್ಲೇ ಹೋಗುತ್ತದೆ. ನಾನು ನಿಂತು ಅಳೆದ ಜಾಗ ನಮ್ಮ ಗಟಾರದ ಕೆಳಗಿತ್ತು. ಆ ಬಿಳಿ ಗಸಿಯಲ್ಲಿ ಕಾರ್ಖಾನೆಯ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಎಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ. ಮೇಲಿನವರತ್ತ ಬೆರಳು ಮಾಡುವ ಅವಸರದಲ್ಲಿ ಕಾಲ ಬಳಿಯೇ ಹರಿಯುವುದನ್ನು ನಾನು ನೋಡಿರಲಿಲ್ಲ. ಅವತ್ತಿನಿಂದ ಮೂರು ಜಾಗ ಗುರುತು ಮಾಡಿಕೊಂಡೆ: ಕಾರ್ಖಾನೆಗಿಂತ ಮೇಲೆ, ಕಾರ್ಖಾನೆ ಮತ್ತು ಗಟಾರದ ನಡುವೆ, ಗಟಾರದ ಕೆಳಗೆ.

ಅದೇ ಅಧಿಕಾರಿಯಿಂದ ತಿಳಿದ ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಸಕ್ಕರೆ ಕಾರ್ಖಾನೆಗಳಿಗೆ 2016ರಲ್ಲಿ ಕೇಂದ್ರ ಸರ್ಕಾರ ಹೊಸ ಮಾನದಂಡ ತಂದಿತು. ಒಂದು ಟನ್ ಕಬ್ಬು ನುರಿಸಿದರೆ ಹೊರಗೆ ಬಿಡುವ ನೀರು 200 ಲೀಟರ್ ಮೀರಬಾರದು, ಹಳ್ಳ ಹೊಳೆಗೆ ಬಿಡುವುದಾದರೆ ಬಿಒಡಿ 30 ದಾಟಬಾರದು. ಕೇಳಲು ಬಿಗಿಯಾಗಿದೆ. ದಿನಕ್ಕೆ ಐದು ಸಾವಿರ ಟನ್ ನುರಿಸುವ ಕಾರ್ಖಾನೆ ಎಂದಿಟ್ಟುಕೊಳ್ಳಿ. ಕಾನೂನು ಒಂದಿಷ್ಟೂ ಮುರಿಯದೆ ಹತ್ತು ಲಕ್ಷ ಲೀಟರ್ ಬಿಡಬಹುದು. ಆ 30 ನದಿಯಲ್ಲಿ 3ಕ್ಕೆ ಇಳಿಯಬೇಕಾದರೆ ಹತ್ತು ಪಟ್ಟಿಗೂ ಹೆಚ್ಚು ಶುದ್ಧ ನೀರು ಹರಿಯುತ್ತಿರಬೇಕು. ಈ ಬಗೆಯ ಲೆಕ್ಕದ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿನ ರಾಯಲ್ ಕಮಿಷನ್ 1912ರಲ್ಲಿ ಚರಂಡಿ ನೀರಿಗೆ ಮಿತಿ ಹಾಕುವಾಗ ನದಿಯಲ್ಲಿ ಎಂಟು ಪಟ್ಟು ಶುದ್ಧ ನೀರಾದರೂ ಇರಬೇಕು ಎಂದು ಜೊತೆಗೇ ಹೇಳಿತ್ತು. ವರ್ಷವಿಡೀ ಮಳೆ ಬೀಳುವ ದೇಶ ಅದು. ನಮ್ಮ ಎರೆನೆಲದ ಹಳ್ಳಗಳಲ್ಲಿ ಸಂಕ್ರಾಂತಿ ಕಳೆದರೆ ಹರಿವು ಎಲ್ಲಿದೆ? ಭೀಮೆಯೇ ಬೇಸಿಗೆಯಲ್ಲಿ ಬ್ಯಾರೇಜಿನಿಂದ ಬ್ಯಾರೇಜಿಗೆ ನಿಂತ ಮಡುಗಳಾಗುತ್ತಾಳೆ. ಮೇಲಿಂದ ಬರುವಾಗಲೇ ಅವಳು ಪುಣೆಯಂಥ ನಗರಗಳ ಕೊಳೆ ಹೊತ್ತು, ಉಜನಿ ಜಲಾಶಯ ದಾಟಿ ಬಂದವಳು. ಹರಿವಿಲ್ಲದ ಹಳ್ಳಕ್ಕೆ ಬಿಟ್ಟ ತ್ಯಾಜ್ಯ ಹಳ್ಳದಲ್ಲಿ ಬೆರೆಯುವುದಿಲ್ಲ, ಅದೇ ಹಳ್ಳವಾಗುತ್ತದೆ. ನುರಿಸುವ ಹಂಗಾಮಿನ ಕೊನೆಯ ತಿಂಗಳುಗಳಲ್ಲಿ ನಮ್ಮ ಹಳ್ಳಗಳಿಗೆ ಒಂದು ಹನಿಯನ್ನೂ ಬಿಡಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಬ್ಬಿನ ತೂಕದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ನೀರೇ ಇದೆ. ಆ ನೀರನ್ನು ಶುದ್ಧ ಮಾಡಿ ಮರಳಿ ಬಳಸುವ ತಂತ್ರ ಹೊಸದೇನಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಮಾಡಿತು. ಕರ್ನಾಟಕದವು 17. ಅವುಗಳಲ್ಲಿ ಗಾಣಗಾಪುರದಿಂದ ಯಾದಗಿರಿವರೆಗಿನ ಭೀಮೆಯೂ ಒಂದು. ಸಂಗಮದಲ್ಲಿ ದತ್ತನ ಭಕ್ತರು ಮುಳುಗೇಳುವ ನೀರು ಅದು, ಸರಡಗಿಯಲ್ಲಿ ಎತ್ತಿ ಕಲಬುರಗಿ ನಗರಕ್ಕೆ ಕುಡಿಯಲು ಕೊಡುವ ನೀರು ಅದು. ಆ ಪಟ್ಟಿಯನ್ನು ಓದಿದ ರಾತ್ರಿ ತಂಗಿಗೆ ಫೋನು ಮಾಡಲು ಮನಸ್ಸಾಗಲಿಲ್ಲ.

ಕಾರ್ಖಾನೆಗಳ ಹೊರಕೊಳವೆಗೆ ಆನ್‌ಲೈನ್ ಮಾಪಕ ಕೂರಿಸಬೇಕೆಂದು 2014ರಲ್ಲೇ ಆದೇಶವಾಗಿದೆ. ಮಾಪಕವಿರುವ ಕೊಳವೆಯಲ್ಲಿ ಹೋದದ್ದನ್ನು ಅದು ಹೇಳುತ್ತದೆ. ಬೇರೆ ದಾರಿಯಲ್ಲಿ ಹೋದದ್ದನ್ನು ಹೇಳಬೇಕಾದವರು ದಂಡೆಯವರು. ಕಾಯ್ದೆ ನಮಗೂ ಕೈ ಚಾಚಿದೆ ಎಂದು ತಡವಾಗಿ ತಿಳಿಯಿತು. ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಸಮ್ಮತಿ ಕೊಟ್ಟಿದ್ದಾರೆ ಎಂಬ ದಾಖಲೆಯನ್ನು ತೊಂದರೆಗೊಳಗಾದ ಯಾರೂ ನೋಡಬಹುದು, 25ನೇ ಕಲಮು ಹಾಗೆ ಹೇಳುತ್ತದೆ. 1988ರ ತಿದ್ದುಪಡಿಯಿಂದ, ಅರವತ್ತು ದಿನಗಳ ನೋಟಿಸು ಕೊಟ್ಟು ಸಾಮಾನ್ಯ ಮನುಷ್ಯನೂ ನ್ಯಾಯಾಲಯಕ್ಕೆ ಹೋಗಬಹುದು. ನಲವತ್ತು ಸಹಿಗಳ ಅರ್ಜಿ ಹಿಡಿದು ಅಲೆದಾಡುವ ಮೊದಲು ನಾನು ಆ ಷರತ್ತುಗಳ ಹಾಳೆ ಓದಬೇಕಿತ್ತು. ಯಾವುದಕ್ಕೆ ಒಪ್ಪಿಗೆ ಇದೆ ಎಂದು ಗೊತ್ತಿಲ್ಲದೆ ಯಾವುದನ್ನು ಮುರಿದರು ಎಂದು ಹೇಳುವುದು ಹೇಗೆ?

ಗಟಾರಕ್ಕೆ ಒಂದು ಇಂಗುಕುಂಟೆ ಮಾಡಿಸಲು ಪಂಚಾಯಿತಿ ಒಪ್ಪಿದೆ, ಗುಂಡಿ ಅರ್ಧ ತೋಡಿದ್ದಾರೆ. ಸಿಟ್ಟಿನಿಂದ ಸಹಿ ಹಾಕಿದವರಲ್ಲಿ ಕೆಲವರು ಈಗ ನನ್ನ ಮೇಲೆಯೇ ಸಿಟ್ಟಾಗಿದ್ದಾರೆ, ಕುಂಟೆಯ ಜಾಗ ಅವರ ಹಿತ್ತಲ ಹಿಂದೆ ಬಂದಿದೆ. ನನ್ನ ಮೊಣಕಾಲು ಈಗ ಹಳ್ಳ ಇಳಿಯಲು ಬಿಡುವುದಿಲ್ಲ. ಜಲಜೀವನ ಯೋಜನೆಯಲ್ಲಿ ಊರಿನ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಆಗಿತ್ತು. ಅವರಿಗೆ ಸಿಕ್ಕ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್ ನೋಡಬಹುದು, ಆಮ್ಲಜನಕ ನೋಡಲಾಗದು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೂ ಒಬ್ಬಳು. ಕ್ಷಾರ ಕೈಗೆ ತಾಗದಂತೆ ಹಾಕುವುದನ್ನು ತೋರಿಸಿಕೊಟ್ಟು, ಬಾಟಲಿಗಳನ್ನೂ ನೋಟ್‌ಬುಕ್ಕನ್ನೂ ಅವಳಿಗೆ ಒಪ್ಪಿಸಿದೆ.

ಮೊನ್ನೆ ಕತ್ತಲಿರುವಾಗಲೇ ಅವಳ ಫೋನು ಬಂತು. ಹಿಂದೆ ಕಪ್ಪೆಗಳ ಸದ್ದು ಕೇಳುತ್ತಿತ್ತು.

"ಸರ್, ನಡುವಿನ ಬಾಟಲಿ ಬೆಳ್ಳಗ ಆಗ್ಯಾದರಿ. ಐದು ಹತ್ತು ಅಂತ ಬರ್ಕೊಂಡೀನಿ. ಗಟಾರದ ಮ್ಯಾಲಿನ ನೀರೇ ಅದ ರಿ, ಎರಡು ಸಲ ನೋಡೀನಿ."