ಯಾವ ಕೋಣೆಗೆ ಯಾವ ಬಣ್ಣ?

ಮಕ್ಕಳೇ, ದೀಪಾವಳಿ ಹತ್ತಿರ ಬಂತೆಂದರೆ ರೋಣ ತಾಲ್ಲೂಕಿನ ಬೆಳವಣಕಿಯಂಥ ಊರುಗಳಲ್ಲಿ ಮನೆಮನೆಯಲ್ಲೂ ಸುಣ್ಣ-ಬಣ್ಣದ ಗಡಿಬಿಡಿ. ಪಾತ್ರೆ, ಹಾಸಿಗೆ, ಟ್ರಂಕು ಎಲ್ಲವೂ ಅಂಗಳಕ್ಕೆ ಬರುತ್ತವೆ. ಜೊತೆಗೆ ಒಂದು ಚರ್ಚೆಯೂ ಏಳುತ್ತದೆ. “ಬಿಳಿ ಸುಣ್ಣಕ್ಕಿಂತ ಚಲೋ ಬಣ್ಣ ಯಾವುದೈತಿ?” ಎನ್ನುತ್ತಾರೆ ಅಜ್ಜಿ. “ಹಸಿರು ಹಚ್ಚಿದರ ಮನಿ ತಂಪಿರತೈತಿ” ಎನ್ನುತ್ತಾರೆ ಅಪ್ಪ. ಪೇಟೆಯಿಂದ ಬಣ್ಣದ ಕಾರ್ಡು ತಂದ ಅಣ್ಣನಿಗೆ ಗಾಢ ನೀಲಿಯೇ ಬೇಕು.

ಯಾರ ಮಾತು ಸರಿ? ಗೋಡೆಯ ಬಣ್ಣ ಬರೀ ಚೆಂದಕ್ಕಲ್ಲ. ಕೋಣೆಯಲ್ಲಿ ಎಷ್ಟು ಬೆಳಕು ಉಳಿಯಬೇಕು ಎಂಬುದನ್ನೂ ಅದು ನಿರ್ಧರಿಸುತ್ತದೆ. ಹೇಗೆಂದು ನೋಡೋಣ ಬನ್ನಿ.

ಗೋಡೆ ಬೆಳಕನ್ನು ಹಂಚುತ್ತದೆ

ನಮ್ಮ ಎರೆಸೀಮೆಯ ಹಳೆಯ ಮನೆಗಳಿಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಿಟಕಿಗಳು ಸಣ್ಣವು. ಹಲವು ಮನೆಗಳಲ್ಲಿ ಒಳಕೋಣೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಆ ಬೆಳಕು ಬೀಳುವುದು ನೆಲದ ಒಂದೇ ಜಾಗದಲ್ಲಿ. ಆದರೂ ಕೋಣೆಯ ಮೂಲೆಯಲ್ಲಿಟ್ಟ ಕೊಡ ನಮಗೆ ಕಾಣುತ್ತದೆ. ಏಕೆ? ನೆಲ, ಗೋಡೆ, ಮೇಲ್ಛಾವಣಿಗಳು ಬೆಳಕನ್ನು ಒಂದರಿಂದ ಒಂದಕ್ಕೆ ಪ್ರತಿಫಲಿಸುತ್ತಾ ಮೂಲೆಯವರೆಗೆ ತಲುಪಿಸುತ್ತವೆ.

ಪ್ರತಿ ಸಲವೂ ಗೋಡೆ ಸ್ವಲ್ಪ ಬೆಳಕನ್ನು ಹೀರಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆ 100 ಪಾಲಿನಲ್ಲಿ ಸುಮಾರು 80 ಪಾಲು ಬೆಳಕನ್ನು ಹಿಂದಿರುಗಿಸುತ್ತದೆ. ಮಧ್ಯಮ ಹಸಿರು ಗೋಡೆ ಸುಮಾರು 40 ಪಾಲು. ನಿಮ್ಮ ತರಗತಿಯ ಕಪ್ಪು ಹಲಗೆ 10 ಪಾಲಿಗಿಂತ ಕಡಿಮೆ.

ಈಗ ಒಂದು ಲೆಕ್ಕ. ಕೋಣೆಯ ಎಲ್ಲ ಕಡೆಯೂ ಒಂದೇ ಬಣ್ಣವಿದೆ ಎಂದುಕೊಳ್ಳಿ. 100 ಪಾಲು ಬೆಳಕು ಗೋಡೆಯಿಂದ ಗೋಡೆಗೆ ಐದು ಸಲ ಬಡಿದರೆ ಎಷ್ಟು ಉಳಿಯುತ್ತದೆ?

ಬಿಳಿ ಕೋಣೆ: 100 – 80 – 64 – 51 – 41 – 33
ಹಸಿರು ಕೋಣೆ: 100 – 40 – 16 – 6 – 3 – 1

ಮೊದಲ ಸಲ ವ್ಯತ್ಯಾಸ ಎರಡು ಪಟ್ಟು ಮಾತ್ರ. ಐದನೆಯ ಸಲಕ್ಕೆ ಅದು 32 ಪಟ್ಟು! ಬಾಗಿಲ ಹತ್ತಿರ ಎರಡೂ ಕೋಣೆಗಳು ಚೆನ್ನಾಗಿಯೇ ಕಾಣಬಹುದು. ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಕತ್ತಲು ಕೋಣೆಗೆ ಇನ್ನೊಂದು ಬಲ್ಬು ಹಾಕುವ ಮೊದಲು ಒಮ್ಮೆ ಸುಣ್ಣ ಬಳಿದು ನೋಡುವುದು ಜಾಣತನ.

ಮಾಡಿ ನೋಡಿ - 1

ಒಂದೇ ಅಳತೆಯ ಎರಡು ಚಪ್ಪಲಿ ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದರ ಒಳಗೆಲ್ಲ, ಮುಚ್ಚಳಕ್ಕೂ ಸೇರಿಸಿ, ಬಿಳಿ ಕಾಗದ ಅಂಟಿಸಿ. ಇನ್ನೊಂದಕ್ಕೆ ಕಪ್ಪು ಕಾಗದ ಅಂಟಿಸಿ. ಎರಡರ ಮುಚ್ಚಳದ ಒಂದು ತುದಿಯಲ್ಲಿ ರೂಪಾಯಿ ನಾಣ್ಯದಷ್ಟು ರಂಧ್ರ ಮಾಡಿ. ಇದೇ ಬೆಳಕಿಂಡಿ. ಇನ್ನೊಂದು ತುದಿಯ ಒಳಗೋಡೆಗೆ ಪತ್ರಿಕೆಯ ತುಂಡೊಂದನ್ನು ಅಂಟಿಸಿ. ಅದರ ಎದುರಿನ ಗೋಡೆಯಲ್ಲಿ ಕಣ್ಣಿಟ್ಟು ನೋಡಲು ಸಣ್ಣ ಸೀಳು ಮಾಡಿ. ಡಬ್ಬಿಗಳನ್ನು ಅಂಗಳದಲ್ಲಿಟ್ಟು ನೋಡಿ. ಯಾವುದರಲ್ಲಿ ಅಕ್ಷರಗಳನ್ನು ಓದಲು ಸಾಧ್ಯವಾಯಿತು?

ಹಸಿ ಸುಣ್ಣ ಮಾಸಲು, ಒಣಗಿದರೆ ಬಿಳುಪು

ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಸೇರಿಸಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಕಲ್ಲಾಗಿದ್ದದ್ದು ಗೋಡೆಯ ಮೇಲೆ ತೆಳುವಾದ ಕಲ್ಲಿನ ಪದರವಾಗಿ ಕೂರುತ್ತದೆ.

ಸುಣ್ಣ ಹಚ್ಚುವಾಗ ಗೋಡೆ ಮಾಸಲಾಗಿದ್ದು, ಒಣಗಿದ ಮೇಲೆ ಬೆಳ್ಳಗಾಗುವುದನ್ನು ನೀವು ನೋಡಿರಬಹುದು. ಹಸಿ ಸುಣ್ಣದ ಕಣಗಳ ನಡುವೆ ನೀರು ಇರುತ್ತದೆ. ಆಗ ಬೆಳಕು ಹೆಚ್ಚು ಚದುರದೆ ಹಿಂದಿನ ಮಣ್ಣಿನವರೆಗೆ ಹೋಗುತ್ತದೆ. ನೀರು ಆರಿದಾಗ ಆ ಜಾಗಕ್ಕೆ ಗಾಳಿ ಬರುತ್ತದೆ. ಕಣಕ್ಕೂ ಗಾಳಿಗೂ ನಡುವೆ ಬೆಳಕು ಹೆಚ್ಚು ಬಾಗಿ ಎಲ್ಲ ದಿಕ್ಕಿಗೂ ಚದುರಿ ಹೊರಬರುತ್ತದೆ. ಅದೇ ಬಿಳುಪು.

ನೆನಪಿಡಿ: ಸುಣ್ಣದ ನೀರು ಪ್ರಬಲ ಪ್ರತ್ಯಾಮ್ಲ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಸುಣ್ಣ ಅರಳಿಸುವ ಕಡೆ ಮಕ್ಕಳು ನಿಲ್ಲಬಾರದು. ಸಿಡಿದರೆ ಕಣ್ಣು ಉಜ್ಜದೆ ಕೂಡಲೇ ಧಾರಾಳವಾಗಿ ಶುದ್ಧ ನೀರಿನಿಂದ ತೊಳೆಯುತ್ತಿರಬೇಕು, ನಂತರ ಆಸ್ಪತ್ರೆಗೆ ಹೋಗಬೇಕು.

ನೀಲಿ ಹಾಕಿದರೆ ಬಿಳುಪು ಹೆಚ್ಚುತ್ತದೆಯೇ?

ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕುವುದು ರೂಢಿ. ಸುಣ್ಣದಲ್ಲಿ ಕಬ್ಬಿಣದಂಥ ಕಲ್ಮಶಗಳಿದ್ದರೆ ಅವು ನೀಲಿ ಬೆಳಕನ್ನು ಸ್ವಲ್ಪ ಹೀರುತ್ತವೆ. ಆದ್ದರಿಂದ ಗೋಡೆ ತುಸು ಹಳದಿಯಾಗಿ ಕಾಣುತ್ತದೆ. ನೀಲಿಯ ಪುಡಿ ಹಳದಿ ಬೆಳಕನ್ನು ಸ್ವಲ್ಪ ಹೀರುತ್ತದೆ. ಎರಡೂ ಸರಿದೂಗಿ ನಮ್ಮ ಕಣ್ಣಿಗೆ ಅಚ್ಚ ಬಿಳುಪು ಎನಿಸುತ್ತದೆ. ನಿಜವಾಗಿ ಗೋಡೆಯಿಂದ ಬರುವ ಬೆಳಕು ಹೆಚ್ಚಿಲ್ಲ, ಕೊಂಚ ಕಡಿಮೆಯೇ ಆಗಿದೆ! ಆದ್ದರಿಂದ ಕತ್ತಲು ಕೋಣೆಯ ಸುಣ್ಣಕ್ಕೆ ನೀಲಿ ಚಿಟಿಕೆಯಷ್ಟೇ ಇರಲಿ.

ಈ ನೀಲಿಯನ್ನು ಹಿಂದೆ ಅಫ್ಘಾನಿಸ್ತಾನದ ಗಣಿಗಳ ಬೆಲೆಬಾಳುವ ಕಲ್ಲನ್ನು ಅರೆದು ತೆಗೆಯುತ್ತಿದ್ದರು. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ, ಜರ್ಮನಿಯ ಗ್ಮೆಲಿನ್ ಎಂಬವರು ಅದನ್ನು ಕೃತಕವಾಗಿ ತಯಾರಿಸುವ ವಿಧಾನ ಕಂಡುಕೊಂಡರು. ಆಮೇಲೆ ಅದು ಎಲ್ಲರ ಕೈಗೆಟುಕುವಂತಾಯಿತು.

ಕೆಳಗೆ ಹುರಮಂಜು ಏಕೆ?

ಹಳೆಯ ಮನೆಗಳ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ, ಅಂದರೆ ಹುರಮಂಜಿನ ಪಟ್ಟಿ ಇರುತ್ತದೆ. ಕೆಮ್ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಇದು ಬಿಸಿಲಿಗೂ ಸುಣ್ಣಕ್ಕೂ ಸುಲಭವಾಗಿ ಮಾಸದು. ಗೋಡೆಯ ಬುಡಕ್ಕೆ ಕೆಸರು ಸಿಡಿಯುತ್ತದೆ, ಕಾಲು ತಾಗುತ್ತದೆ. ಗಾಢ ಬಣ್ಣ ಆ ಕಲೆಗಳನ್ನು ಮರೆಮಾಚುತ್ತದೆ. ಪಟ್ಟಿ ಕಿರಿದಾದ್ದರಿಂದ ಬೆಳಕಿನ ನಷ್ಟವೂ ಕಡಿಮೆ.

ಆದರೆ ಹೊಸ್ತಿಲಿಗೆ ಕೆಂಪು ಮಾತ್ರ ಹಚ್ಚಿದರೆ ಒಂದು ತೊಂದರೆ ಇದೆ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಿಳಿಯದು. ಮುಸ್ಸಂಜೆಯಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ. ಕಣ್ಣು ಮಂಜಾದ ಅಜ್ಜ-ಅಜ್ಜಿಯರು ಎಡವುವುದು ಇಂಥಲ್ಲೇ. ಕೆಂಪು ಹೊಸ್ತಿಲ ಮೇಲೆ ಬಿಳಿ ಗೆರೆ ಎಳೆದರೆ ಅಂಚು ಎದ್ದು ಕಾಣುತ್ತದೆ. ಮೆಟ್ಟಿಲ ಅಂಚಿಗೂ ಹೀಗೆಯೇ ಮಾಡಿ. ಇದಕ್ಕೆ ಖರ್ಚೇನೂ ಇಲ್ಲ.

ಹಸಿರು ಬಣ್ಣ ತಂಪೇ? ಮಾಡಿ ನೋಡಿ - 2

ಒಂದೇ ಅಳತೆಯ ಎರಡು ತಗಡಿನ ಡಬ್ಬಿಗಳಲ್ಲಿ ಒಂದಕ್ಕೆ ಹೊರಗಡೆ ಸುಣ್ಣ, ಇನ್ನೊಂದಕ್ಕೆ ಮಸಿ ಬಳಿಯಿರಿ. ಎರಡರಲ್ಲೂ ಸಮ ಪ್ರಮಾಣದ ನೀರು ತುಂಬಿ ಒಂದು ಗಂಟೆ ಬಿಸಿಲಲ್ಲಿಡಿ. ಶಾಲೆಯ ಉಷ್ಣತಾಮಾಪಕದಿಂದ ಅಳೆಯಿರಿ. ಮಸಿ ಬಳಿದ ಡಬ್ಬಿಯ ನೀರು ಹೆಚ್ಚು ಬಿಸಿಯಾಗಿರುತ್ತದೆ. ಮರುದಿನ ಇದನ್ನೇ ಕೋಣೆಯ ಒಳಗೆ, ನೆರಳಿನಲ್ಲಿ ಮಾಡಿ. ಎರಡೂ ಬಹುತೇಕ ಒಂದೇ ಉಷ್ಣತೆ ತೋರಿಸುತ್ತವೆ.

ಇದರಿಂದ ತಿಳಿಯುವುದೇನು? ಬಣ್ಣ ತಂಪು ಮಾಡುವುದು ಬಿಸಿಲು ಬೀಳುವ ಕಡೆ ಮಾತ್ರ. ಒಳಗೋಡೆಯ ಹಸಿರು ಮನಸ್ಸಿಗೆ ಹಿತ ಕೊಡಬಹುದು, ಉಷ್ಣತಾಮಾಪಕದ ಪಾದರಸವನ್ನು ಇಳಿಸಲಾರದು. ಮನೆ ತಂಪಾಗಬೇಕಾದರೆ ಬಿಳಿ ಬಣ್ಣ ಬೇಕಿರುವುದು ಹೊರಗೋಡೆಗೆ, ಅದಕ್ಕಿಂತ ಮುಖ್ಯವಾಗಿ ಸಿಮೆಂಟ್ ಚಾವಣಿ ಮತ್ತು ತಗಡಿನ ಶೀಟಿನ ಮೇಲ್ಭಾಗಕ್ಕೆ. ದಪ್ಪ ಮಣ್ಣಿನ ಮಾಳಿಗೆ ನಿಧಾನವಾಗಿ ಕಾಯುತ್ತದೆ, ತಗಡು ಬೇಗ ಕಾಯುತ್ತದೆ.

ಹಾಗಾದರೆ ಎಲ್ಲಿಗೆ ಯಾವುದು?

• ಅಡುಗೆ ಮನೆ: ಬಿಳಿ ಅಥವಾ ತಿಳಿ ಹಳದಿ. ಕಾಳಿನಲ್ಲಿನ ಕಲ್ಲು, ಹುಳು ಕಾಣಬೇಕಲ್ಲವೇ? ಒಲೆಯ ಮಸಿ ಕೂತರೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಬೇಕು.
• ಓದುವ ಜಾಗ: ಕಿಟಕಿಯ ಎದುರಿನ ಗೋಡೆ ಮತ್ತು ಮೇಲ್ಛಾವಣಿ ಬಿಳಿಯಾಗಿರಲಿ. ಹೊಳೆಯುವ ಎಣ್ಣೆ ಬಣ್ಣ ಬೇಡ, ಅದು ಕಣ್ಣು ಕುಕ್ಕುತ್ತದೆ.
• ಪಡಸಾಲೆ: ಬಾಗಿಲಿನಿಂದ ಬೆಳಕು ಚೆನ್ನಾಗಿ ಬರುತ್ತಿದ್ದರೆ ನಿಮಗೆ ಇಷ್ಟವಾದ ತಿಳಿ ಬಣ್ಣ.
• ಮಲಗುವ ಕೋಣೆ: ಇಲ್ಲಿ ಬೆಳಕು ಕಡಿಮೆಯಾದರೂ ನಡೆಯುತ್ತದೆ. ಅಣ್ಣನ ಗಾಢ ನೀಲಿಯನ್ನು ಒಂದು ಗೋಡೆಗೆ ಹಚ್ಚಬಹುದು.
• ಮಣ್ಣಿನ ಗೋಡೆ: ಸುಣ್ಣವೇ ಉತ್ತಮ. ನೆಲದಿಂದ ಏರಿದ ತೇವ ಸುಣ್ಣದ ಪದರದ ಮೂಲಕ ಆರುತ್ತದೆ. ಎಣ್ಣೆ ಬಣ್ಣ ಹಚ್ಚಿದರೆ ತೇವ ಒಳಗೇ ಉಳಿದು ಬಣ್ಣ ಹಪ್ಪಳದಂತೆ ಏಳುತ್ತದೆ.

ಕಾರ್ಡಿನಲ್ಲಿ ಕಂಡ ಬಣ್ಣ ನಾಲ್ಕೂ ಗೋಡೆಗೆ ಹಚ್ಚಿದಾಗ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಆದ್ದರಿಂದ ಅಂಗಡಿಯ ಬೆಳಕಿನಲ್ಲಿ ತೀರ್ಮಾನಿಸದೆ, ನಿಮ್ಮ ಕೋಣೆಯ ಗೋಡೆಗೆ ಒಂದು ಮೊಳದಷ್ಟು ಹಚ್ಚಿ, ಹಗಲಲ್ಲೂ ರಾತ್ರಿಯೂ ನೋಡಿ ಆರಿಸಿ.

ಡಬ್ಬಿಯ ಮೇಲಿನ ಬರಹ ಓದಿ

ಬಾಗಿಲು, ಕಿಟಕಿ, ತೊಟ್ಟಿಲಿಗೆ ಹಚ್ಚುವ ಎಣ್ಣೆ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದ ಕಾಲವಿತ್ತು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಇದು ಹೆಚ್ಚು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಕಲಿಕೆ, ಗಮನ ಕುಂಠಿತವಾಗುತ್ತವೆ. ಇಷ್ಟು ಸೀಸ ದೇಹಕ್ಕೆ ಹೋದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತ ಸರ್ಕಾರ 2016ರಲ್ಲಿ ನಿಯಮ ರೂಪಿಸಿ, ಮನೆಗೆ ಬಳಸುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದೆಂದು ಹೇಳಿತು. ಇದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಆದರೆ ಅದಕ್ಕೂ ಮೊದಲು ಹಚ್ಚಿದ ಬಣ್ಣ ಹಳೆಯ ಬಾಗಿಲುಗಳಲ್ಲಿ ಇನ್ನೂ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಿದರೆ ವಿಷದ ಧೂಳು ಏಳುತ್ತದೆ. ನೀರು ಹಚ್ಚಿ ಒದ್ದೆ ಮಾಡಿಯೇ ಉಜ್ಜಬೇಕು. ಆಗ ಚಿಕ್ಕ ಮಕ್ಕಳು, ಗರ್ಭಿಣಿಯರು ದೂರವಿರಬೇಕು. ಉದುರಿದ ಚಕ್ಕೆಗಳನ್ನು ಮಗು ಬಾಯಿಗಿಡದಂತೆ ನೋಡಿಕೊಳ್ಳಬೇಕು. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣದ ಬರಹವನ್ನು ನೀವೇ ಓದಿ ಮನೆಯವರಿಗೆ ಹೇಳಿ.

ಯೋಚಿಸಿ, ಉತ್ತರಿಸಿ

1. 60 ಪಾಲು ಬೆಳಕು ಹಿಂದಿರುಗಿಸುವ ಗೋಡೆಯಿದ್ದರೆ ಐದು ಪ್ರತಿಫಲನಗಳ ನಂತರ ಎಷ್ಟು ಉಳಿಯುತ್ತದೆ?
2. ಹಳೆಯ ಸುಣ್ಣದ ಗೋಡೆಯ ಮೇಲೆ ಧೂಳು ಕೂತರೆ ಕೋಣೆಯ ಬೆಳಕು ಏಕೆ ಕಡಿಮೆಯಾಗುತ್ತದೆ?
3. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕತ್ತಲೆಯ ಜಾಗ ಯಾವುದು? ಅಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುವವರು ಯಾರು?

ಶಿಕ್ಷಕರ ಗಮನಕ್ಕೆ: ಮೂರನೆಯ ಪ್ರಶ್ನೆಯ ಉತ್ತರಗಳನ್ನು ತರಗತಿಯಲ್ಲಿ ಪಟ್ಟಿ ಮಾಡಿಸಿ. ಹಲವು ಮಕ್ಕಳು ಅಡುಗೆ ಮನೆ ಮತ್ತು ಅವ್ವನ ಹೆಸರು ಹೇಳಬಹುದು. ಈ ಸಲ ಸುಣ್ಣದ ಮೊದಲ ಬಕೆಟ್ ಅಲ್ಲಿಗೇ ಹೋಗಲಿ ಎಂದು ಮಕ್ಕಳು ಮನೆಯಲ್ಲಿ ಹೇಳುವಂತಾದರೆ ಪಾಠ ಸಾರ್ಥಕ.