ಹಳೆಯ ಗಾಡಿಯ ಮಂಜುದೀಪ: ಕೆಟ್ಟಾಗ ಸರಿಪಡಿಸುವ ಬಗೆ



ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಚಾರ್ಮಾಡಿ, ಆಗುಂಬೆ, ಸಂಪಾಜೆ ಘಾಟಿಗಳಲ್ಲಿ ಮಳೆಯೊಡನೆ ಮಂಜು ಕವಿಯುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಪಲ್ಪಿಂಗ್ ಮುಗಿಸಿ ಹೊತ್ತು ಮೀರಿ ಮನೆಗೆ ಹೊರಟಾಗಲೂ ತಗ್ಗಿನಲ್ಲಿ ಮಂಜೇ ಎದುರಾಗುತ್ತದೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಈಗಲೂ ಹಳೆಯ ಜೀಪು ಇದೆ. ಕೆಲವರಲ್ಲಿ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರೂ ಇದೆ. ಇವುಗಳ ಬಂಪರಿನ ಮೇಲೆ ಕೂರಿಸಿದ ಮಂಜುದೀಪ ಗೇಟಿಗೆ ತಾಗಿ, ಕಲ್ಲು ಸಿಡಿದು, ಕೆಸರು ತುಂಬಿ ಕೆಡುವುದು ಸಾಮಾನ್ಯ. ದುರಸ್ತಿಯ ಬಹುಪಾಲು ಕೆಲಸವನ್ನು ನಾವೇ ಮಾಡಿಕೊಳ್ಳಬಹುದು.

ಮಂಜುದೀಪದ ಕೆಲಸವೇನು?

ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ಉಂಟು. ಅದು ಸರಿಯಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡವು. ಆದ್ದರಿಂದ ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹೆಡ್‌ಲೈಟಿನ ಮೇಲ್ಮುಖ ಬೆಳಕು ಈ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಎದುರಿಗೆ ಬಿಳಿಯ ಗೋಡೆ ಕಟ್ಟಿದಂತಾಗುವುದು ಇದರಿಂದಲೇ. ಮಂಜುದೀಪವಾದರೋ ತಗ್ಗಿನಲ್ಲಿರುತ್ತದೆ, ಅದರ ಬೆಳಕು ಅಗಲವಾಗಿ ಹರಡಿ, ಮೇಲ್ಗಡೆ ಚೂಪಾಗಿ ಕತ್ತರಿಸಿದಂತೆ ನಿಲ್ಲುತ್ತದೆ. ರಸ್ತೆಯ ಅಂಚು, ಚರಂಡಿ, ತಡೆಗೋಡೆ ಕಾಣುವುದಕ್ಕೆ ಇದೇ ಕಾರಣ. ಹೀಗಾಗಿ ಗಾಜು, ರಿಫ್ಲೆಕ್ಟರ್, ದೀಪದ ಬಾಗು ಇವು ಮೂರೂ ಸರಿಯಿಲ್ಲದಿದ್ದರೆ ಬಲ್ಬು ಎಷ್ಟು ಉರಿದರೂ ಪ್ರಯೋಜನವಿಲ್ಲ.

ಮೊದಲು ದೋಷ ಹುಡುಕಿರಿ

1. ಎರಡೂ ದೀಪ ಉರಿಯದಿದ್ದರೆ ಎರಡಕ್ಕೂ ಸೇರಿದ ಭಾಗವನ್ನು ನೋಡಿರಿ: ಫ್ಯೂಸ್, ಸ್ವಿಚ್, ರಿಲೇ, ಮುಖ್ಯ ವೈರು.

2. ಒಂದು ಮಾತ್ರ ಉರಿಯದಿದ್ದರೆ ಆ ದೀಪದ ಬಲ್ಬು, ಜೋಡಣೆಯ ಕ್ಲಿಪ್ಪು ಮತ್ತು ಅರ್ತ್ ನೋಡಿರಿ.

3. ಮಂಕಾಗಿ ಉರಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅರ್ತ್ ದೋಷವೇ. ಬ್ಯಾಟರಿಯ ನೆಗೆಟಿವ್ ತುದಿಯಿಂದ ಒಂದು ವೈರನ್ನು ದೀಪದ ಅರ್ತ್ ತುದಿಗೆ ನೇರವಾಗಿ ಮುಟ್ಟಿಸಿರಿ. ದೀಪ ಪ್ರಕಾಶಿಸಿದರೆ ದೋಷ ಅಲ್ಲಿಯೇ ಇದೆ. ಕೆಲವು ಬಹು ಹಳೆಯ ಗಾಡಿಗಳಲ್ಲಿ ಪಾಸಿಟಿವ್ ತುದಿಯನ್ನು ಬಾಡಿಗೆ ಕೊಟ್ಟಿರುತ್ತಾರೆ. ಬ್ಯಾಟರಿ ನೋಡಿಕೊಂಡು ಮುಂದುವರಿಯಿರಿ.

ಬಲ್ಬಿಗೆ ತಲಪುವ ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಮೀಟರ್ ಇದ್ದವರು ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯಲ್ಲಿ ಒಮ್ಮೆ, ಬಲ್ಬಿನ ತುದಿಗಳಲ್ಲಿ ಒಮ್ಮೆ ಅಳೆಯಲಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿರಬಾರದು.

ನಮ್ಮ ಗಾಡಿಗಳಿಗೆ ಇನ್ನೊಂದು ಶತ್ರುವಿದೆ: ಮೈಲುತುತ್ತ. ಕೊಳೆರೋಗದ ಔಷಧಿಗೆಂದು ಸಾಗಿಸುವಾಗ ಅದರ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ, ತಾಮ್ರ ಅದರ ಮೇಲೆ ಕೂರುತ್ತದೆ. ಅರ್ತ್ ಬೋಲ್ಟು, ಬ್ರಾಕೆಟ್ಟುಗಳು ಬೇಗ ಹಾಳಾಗುತ್ತವೆ. ಸಾಗಾಟ ಮುಗಿದೊಡನೆ ಗಾಡಿಯನ್ನು ಒಳ್ಳೆಯ ನೀರಿನಿಂದ ತೊಳೆಯಿರಿ. ತುಕ್ಕು ಹಿಡಿದ ಅರ್ತ್ ಜಾಗವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿರಿ.

ಗಾಜು ಮತ್ತು ರಿಫ್ಲೆಕ್ಟರ್

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ತಿಳಿಯಾದ ಸಿಲಿಕೋನ್ ಅಂಟು ಸವರಿ ಕೆಲವು ದಿನ ತಳ್ಳಬಹುದು. ಚೂರು ಹಾರಿಹೋಗಿದ್ದರೆ ಗಾಜನ್ನೇ ಬದಲಾಯಿಸಬೇಕು. ಬೆಳಕನ್ನು ಅಗಲಕ್ಕೆ ಹರಡುವುದು ಗಾಜಿನ ಮೇಲಿನ ಗೆರೆಗಳೇ. ಉರಿದು ಬಿಸಿಯಾದ ದೀಪಕ್ಕೆ ತಣ್ಣೀರು ಎರಚಬೇಡಿರಿ, ಗಾಜು ಸೀಳುತ್ತದೆ.

ರಿಫ್ಲೆಕ್ಟರಿನ ಹೊಳಪು ಬಹಳ ತೆಳುವಾದ ಲೇಪ. ಬಟ್ಟೆಯಿಂದ ತಿಕ್ಕಿದರೆ ಅದು ಎದ್ದುಬರುತ್ತದೆ. ಧೂಳಿದ್ದರೆ ಮೆತ್ತನೆಯ ಕುಂಚದಿಂದ ಕೊಡವಿದರೆ ಸಾಕು. ಲೇಪ ಕಪ್ಪಾಗಿ ಸುಲಿದಿದ್ದರೆ ಬೆಳ್ಳಿ ಬಣ್ಣ ಬಳಿಯುವುದಾಗಲಿ, ಸಿಗರೇಟಿನ ಹಾಳೆ ಅಂಟಿಸುವುದಾಗಲಿ ಕೂಡದು. ಬೆಳಕು ದಿಕ್ಕಾಪಾಲಾಗಿ ಮೇಲಕ್ಕೂ ಚದುರಿ ಎದುರಿನವನ ಕಣ್ಣು ಕೋರೈಸುತ್ತದೆ. ಅಂಥ ದೀಪವನ್ನು ಬದಲಾಯಿಸುವುದೇ ಲೇಸು.

ಒಳಗೆ ನೀರು ನಿಲ್ಲುತ್ತಿದ್ದರೆ ರಬ್ಬರ್ ಗ್ಯಾಸ್ಕೆಟ್ ನೋಡಿರಿ. ಅನೇಕ ದೀಪಗಳ ಅಡಿಯಲ್ಲಿ ನೀರು ಬಸಿಯಲು ಸಣ್ಣ ರಂಧ್ರವಿರುತ್ತದೆ; ಕೆಸರು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿರಿ. ದೀಪವನ್ನು ಬಂಪರಿನ ಕೆಳಗೆ ತಲೆಕೆಳಗಾಗಿ ತೂಗಹಾಕಿದರೆ ಈ ರಂಧ್ರ ಮೇಲಾಗಿ ನೀರು ಒಳಗೇ ತುಂಬುತ್ತದೆ, ಬೆಳಕೂ ತಲೆಕೆಳಗಾಗುತ್ತದೆ. ಗಾಜಿನ ಮೇಲೆ ‘ಟಾಪ್’ ಎಂಬ ಗುರುತಿದ್ದರೆ ಅದು ಮೇಲ್ಗಡೆಯೇ ಇರಲಿ.

ಬಲ್ಬು, ವೈರು, ರಿಲೇ

ಹಳೆಯ ಮಂಜುದೀಪಗಳಲ್ಲಿ ಹೆಚ್ಚಾಗಿ 12 ವೋಲ್ಟಿನ, 55 ವಾಟಿನ ಎಚ್3 ಹ್ಯಾಲೊಜೆನ್ ಬಲ್ಬು ಇರುತ್ತದೆ. ಇದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಅತಿಯಾಗಿ ಬಿಸಿಯೇರಿ ಬಲ್ಬು ಬೇಗ ಹೋಗುತ್ತದೆ. ಹ್ಯಾಲೊಜೆನ್ ದೀಪದೊಳಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕಿನ ಮೂಲದ ಜಾಗ ಬೇರೆಯಾಗಿ, ಮೇಲಂಚಿನ ಚೂಪು ಕೆಡುತ್ತದೆ. ನೋಡುವುದಕ್ಕೆ ಝಗಝಗ, ಮಂಜಿನಲ್ಲಿ ನಿರುಪಯೋಗ.

ಎರಡು ಬಲ್ಬಿಗೆ 110 ವಾಟು, ಅಂದರೆ ಸುಮಾರು 9 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಇಷ್ಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕವೇ ಹಾಯಿಸಿದರೆ ಸ್ವಿಚ್ಚು ಸುಡುತ್ತದೆ. ರಿಲೇ ಹಾಕಿರಿ. ಬ್ಯಾಟರಿಯ ಪಾಸಿಟಿವ್‌ನಿಂದ, ಬ್ಯಾಟರಿಯ ಹತ್ತಿರದಲ್ಲೇ 15 ಆಂಪಿಯರ್ ಫ್ಯೂಸ್ ಇಟ್ಟು, ರಿಲೇಯ 30ನೇ ತುದಿಗೆ ಬನ್ನಿರಿ. 87ರಿಂದ ದೀಪಗಳಿಗೆ 2.5 ಚದರ ಮಿಲಿಮೀಟರಿನ ವೈರು. ಸ್ವಿಚ್ಚಿನಿಂದ ಬರುವ ವೈರು 86ಕ್ಕೆ. 85 ಬಾಡಿಗೆ ಅರ್ತ್. ಫ್ಯೂಸ್ ಹೋದರೆ ತಾಮ್ರದ ತಂತಿ ಕಟ್ಟಬೇಡಿರಿ. ವೈರು ಎಲ್ಲೋ ಉಜ್ಜಿ ಬಾಡಿಗೆ ತಗುಲಿದಾಗ ಗಾಡಿಗೆ ಬೆಂಕಿ ಹತ್ತದಂತೆ ಕಾಯುವುದು ಆ ಫ್ಯೂಸೇ.

ಡೈನಮೋ ಇರುವ ಗಾಡಿಯವರು ಇನ್ನೂ ಒಂದು ಲೆಕ್ಕ ಇಟ್ಟುಕೊಳ್ಳಬೇಕು. ಲೂಕಾಸ್ ಸಿ40 ಮಾದರಿಯ ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಮಂಜುದೀಪ 9, 45 ವಾಟಿನ ಎರಡು ಹೆಡ್‌ಲೈಟು ಏಳೂವರೆ. ಇದರ ಮೇಲೆ ವೈಪರ್, ಇಗ್ನಿಷನ್, ಹಿಂದಿನ ದೀಪ ಸೇರಿದರೆ ಮಿತಿ ಮುಟ್ಟಿತು. ಘಾಟಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಅಷ್ಟೂ ಬರುವುದಿಲ್ಲ. ಕೊರತೆಯನ್ನು ಬ್ಯಾಟರಿ ತುಂಬುತ್ತದೆ, ಕೊನೆಗೆ ಎಲ್ಲ ದೀಪವೂ ಮಂಕಾಗುತ್ತದೆ. ದಟ್ಟ ಮಂಜಿನಲ್ಲಿ ಹೆಡ್‌ಲೈಟ್ ಆರಿಸಿ, ಪಾರ್ಕಿಂಗ್ ದೀಪದೊಡನೆ ಮಂಜುದೀಪ ಉರಿಸಿದರೆ ಬ್ಯಾಟರಿಗೂ ಹಿತ, ಕಣ್ಣಿಗೂ ಹಿತ.

ಬಾಗು ಸರಿಪಡಿಸುವುದು

ಕಣದಂಥ ಮಟ್ಟಸ ನೆಲದಲ್ಲಿ ಗಾಡಿಯನ್ನು ಗೋಡೆಯಿಂದ 25 ಅಡಿ ದೂರ ನಿಲ್ಲಿಸಿರಿ. ಎಂದಿನಷ್ಟು ಹೊರೆ ಇರಲಿ. ನೆಲದಿಂದ ದೀಪದ ನಡುವಿನ ಎತ್ತರ ಅಳೆದು ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಅದರ ಕೆಳಗೆ 4 ಅಂಗುಲಕ್ಕೆ ಇನ್ನೊಂದು ಗೆರೆ. ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಸರಿಯಾಗಿ ಬೀಳುವಂತೆ ದೀಪವನ್ನು ಬಾಗಿಸಿ ನಟ್ಟು ಬಿಗಿಮಾಡಿರಿ.

ಇಷ್ಟೆಲ್ಲ ಸರಿಪಡಿಸಿದರೂ ಮಂಜುದೀಪ ತೋರಿಸುವುದು ಹತ್ತಿರದ ರಸ್ತೆಯನ್ನು ಮಾತ್ರ. ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿಯೇ ಇಳಿಯಿರಿ. ಮಂಜು ಕಳೆದೊಡನೆ ದೀಪ ಆರಿಸಿರಿ. ಒದ್ದೆ ರಸ್ತೆಯಿಂದ ಪುಟಿಯುವ ಬೆಳಕು ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ಔಷಧಿ ಸಿಂಪಡಿಸುವ ಪಂಪನ್ನು ಸಿದ್ಧಪಡಿಸುವ ಹೊತ್ತಿಗೇ ಮಂಜುದೀಪವನ್ನೂ ಒಮ್ಮೆ ಬಿಚ್ಚಿ ನೋಡಿರಿ. ಒಂದು ಬಿಡಿ ಬಲ್ಬು, ಎರಡು ಫ್ಯೂಸ್, ಒಂದು ಸ್ಕ್ರೂಡ್ರೈವರ್ ಯಾವಾಗಲೂ ಗಾಡಿಯಲ್ಲಿರಲಿ.