ಪ್ಲಗಿನ್ ಆಮೇಲೆ, ಲೆಕ್ಕ ಮೊದಲು

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿ ಎಂದು ಬೋರ್ಡು ತೂಗುಹಾಕಿದ ಕೋಚಿಂಗ್ ಸೆಂಟರ್‌ಗಳಿಗೆ ಲೆಕ್ಕವಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದು ರೂಮು ಹಿಡಿದು ಓದುವ ಹುಡುಗ ಹುಡುಗಿಯರ ಫೀಯೇ ಇವುಗಳ ಆದಾಯ. 2020ರ ಲಾಕ್‌ಡೌನಿನಲ್ಲಿ ಆ ರೂಮುಗಳು ಖಾಲಿಯಾದ ಮೇಲೆ, ಪಾಠವನ್ನು ರೆಕಾರ್ಡ್ ಮಾಡಿ ಆನ್‌ಲೈನಿನಲ್ಲಿ ಮಾರುವ ಯೋಚನೆ ಇಲ್ಲಿನ ಸಣ್ಣಪುಟ್ಟ ಮೇಷ್ಟ್ರುಗಳಿಗೂ ಸಹಜವಾಗಿಬಿಟ್ಟಿದೆ. ವರ್ಡ್‌ಪ್ರೆಸ್‌ನಲ್ಲಿ ಸ್ವಂತ ವೆಬ್‌ಸೈಟ್ ಮಾಡಿಸುವುದು, ಅದರೊಳಗೆ ಕೋರ್ಸ್ ಮಾರಲು, ಟೆಸ್ಟ್ ನಡೆಸಲು ಒಂದು ಪ್ಲಗಿನ್ ಹಾಕಿಸುವುದು ಸಾಮಾನ್ಯ ದಾರಿ. ಆಗ ಎಲ್ಲರೂ ಮೊದಲು ಕೇಳುವುದು ‘ಯಾವ ಪ್ಲಗಿನ್ ಒಳ್ಳೆಯದು?’ ಎಂದು. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಒಬ್ಬ ವಿದ್ಯಾರ್ಥಿ ಕಟ್ಟಿದ ಫೀಯಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದೆಷ್ಟು, ಒಬ್ಬ ವಿದ್ಯಾರ್ಥಿಯೂ ಸೇರದ ವರ್ಷ ನಿಮ್ಮ ಕೈಯಿಂದ ಹೋಗುವುದೆಷ್ಟು ಎಂಬ ಎರಡು ಲೆಕ್ಕ ಮೊದಲು ಆಗಬೇಕು. ಅವು ಮುಗಿದರೆ ಪ್ಲಗಿನ್ ಆಯ್ಕೆ ಬಹುಪಾಲು ತಾನೇ ಮುಗಿದಿರುತ್ತದೆ, ಮತ್ತು ಹೊಸಬರ ಪಾಲಿಗೆ ಅದು ಪುಕ್ಕಟೆ ಸಿಗುವ ಪ್ಲಗಿನ್ನೇ ಆಗಿರುತ್ತದೆ.

ಮೊದಲು ಬೆಲೆಯ ವಿಚಾರ. ಟ್ಯೂಟರ್ ಎಲ್‌ಎಂಎಸ್, ಲರ್ನ್‌ಪ್ರೆಸ್, ಲಿಫ್ಟರ್‌ಎಲ್‌ಎಂಎಸ್ ಎಂಬ ಪ್ಲಗಿನ್‌ಗಳ ಮೂಲ ಆವೃತ್ತಿಗೆ ದುಡ್ಡಿಲ್ಲ. ಹೆಚ್ಚಿನ ಸೌಲಭ್ಯ ಬೇಕೆಂದರೆ ಕೊಡಬೇಕು. ಲರ್ನ್‌ಡ್ಯಾಶ್‌ಗೆ ಮೊದಲ ದಿನದಿಂದಲೇ ಕೊಡಬೇಕು, ಒಂದು ಸೈಟಿಗೆ ವರ್ಷಕ್ಕೆ 200 ಡಾಲರ್ ಆಸುಪಾಸು. ಡಾಲರ್‌ಗೆ 85 ರೂಪಾಯಿ ಹಿಡಿದರೂ 17,000 ರೂಪಾಯಿ. ಬ್ಯಾಂಕಿನವರ ವಿದೇಶಿ ವಿನಿಮಯ ಶುಲ್ಕ ಅದರ ಮೇಲೆ. 2014ರಲ್ಲಿ ಡಾಲರ್ 60 ರೂಪಾಯಿ ಚಿಲ್ಲರೆ ಇತ್ತು ಎಂಬುದನ್ನು ನೆನೆದರೆ, ಕಂಪನಿ ಬೆಲೆ ಏರಿಸದಿದ್ದರೂ ನಮಗೆ ಬೆಲೆ ಏರುತ್ತಲೇ ಇರುತ್ತದೆ ಎಂಬುದು ತಿಳಿಯುತ್ತದೆ. ಈ 17,000 ದೊಡ್ಡದೋ ಸಣ್ಣದೋ ಎಂಬುದನ್ನು ಹೇಳುವುದು ವಿದ್ಯಾರ್ಥಿಗಳ ಸಂಖ್ಯೆ. 50 ಜನ ಸೇರಿದರೆ ತಲೆಗೆ 340 ರೂಪಾಯಿ, ಸಾವಿರ ಜನ ಸೇರಿದರೆ 17 ರೂಪಾಯಿ. 2,000 ರೂಪಾಯಿ ಕೋರ್ಸಿಗೆ ಶೇ 5 ಪಾಲು ಕೇಳುವ ವೇದಿಕೆಯೊಂದಿದೆ ಎಂದಿಟ್ಟುಕೊಳ್ಳಿ. ತಲೆಗೆ 100 ರೂಪಾಯಿಯಾಯಿತು, ಅಂದರೆ ವರ್ಷಕ್ಕೆ 170 ವಿದ್ಯಾರ್ಥಿಗಳು ದಾಟುವವರೆಗೆ ಪಾಲು ಕೊಡುವುದೇ ಅಗ್ಗ. ಅಷ್ಟು ಜನ ಬರುವ ಭರವಸೆ ಇಲ್ಲದವರು ವಾರ್ಷಿಕ ಡಾಲರ್ ಬಿಲ್ಲನ್ನು ಮೈಮೇಲೆ ಎಳೆದುಕೊಳ್ಳುವುದು ಆತುರದ ಕೆಲಸ.

ಸ್ಪರ್ಧಾತ್ಮಕ ಪರೀಕ್ಷೆಯ ವ್ಯಾಪಾರದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಇಲ್ಲಿ ಬೇಡಿಕೆಯ ಬೀಗದ ಕೈ ಸರ್ಕಾರದ ಬಳಿ ಇದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಆ ಒಂದೇ ನೇಮಕಾತಿಯನ್ನು ನೆಚ್ಚಿ ಕೋರ್ಸ್ ಮಾಡಿದವರಿಗೆ ಪ್ಲಗಿನ್ನಿನ ನವೀಕರಣ ಶುಲ್ಕ ಆ ಅವಧಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಹೊಸ ಅಡ್ಮಿಷನ್ ಬರುವ ಖಾತ್ರಿ ಮಾತ್ರ ಇರಲಿಲ್ಲ. ಇದರಿಂದ ಎರಡು ಮಾತು ಹೊರಡುತ್ತವೆ. ವರ್ಷ ಬರಡಾದರೂ ಕಟ್ಟಲೇಬೇಕಾದ ಖರ್ಚು ಆದಷ್ಟು ಕಡಿಮೆ ಇರಲಿ. ಎರಡನೆಯದಾಗಿ, ಕೋರ್ಸಿಗೆ ಅವಧಿ ನಿಗದಿಪಡಿಸುವ, ಪರೀಕ್ಷೆ ಮುಂದೆ ಹೋದಾಗ ಇಡೀ ಬ್ಯಾಚಿಗೆ ಒಮ್ಮೆಗೇ ಅವಧಿ ವಿಸ್ತರಿಸುವ ಸೌಲಭ್ಯ ಪ್ಲಗಿನ್ನಿನಲ್ಲಿ ಇದೆಯೇ ಎಂದು ನೋಡಿ. ‘ಜೀವನಪರ್ಯಂತ’ ಎಂದು ಬರೆದು ಮಾರಿದ ಕೋರ್ಸಿನ ವಿಡಿಯೊ ಇಡುವ ಬಾಡಿಗೆಯನ್ನೂ ಜೀವನಪರ್ಯಂತ ಕಟ್ಟುವವರು ನೀವೇ.

ಇನ್ನು ಫೀ ಬರುವ ದಾರಿ. ಪ್ಲಗಿನ್‌ಗಳನ್ನು ಮಾಡುವವರ ಕಣ್ಣು ಹೆಚ್ಚಾಗಿ ಅಮೆರಿಕ, ಯುರೋಪಿನ ಮೇಲಿರುವುದರಿಂದ ಪೇಪಾಲ್ ಮತ್ತು ಸ್ಟ್ರೈಪ್ ಪ್ಲಗಿನ್‌ಗಳಲ್ಲಿ ಸಿದ್ಧವಾಗಿರುತ್ತವೆ. ಆದರೆ ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದಲೇ ನಿಲ್ಲಿಸಿದೆ. ನಿಮ್ಮ ವಿದ್ಯಾರ್ಥಿ ಫೀ ಕಟ್ಟುವುದು ಯುಪಿಐನಲ್ಲಿ. ಆದ್ದರಿಂದ ರೇಜರ್‌ಪೇಯಂಥ ದೇಶೀ ಗೇಟ್‌ವೇಗೆ ಪ್ಲಗಿನ್ ನೇರವಾಗಿಯಾಗಲಿ, ವರ್ಡ್‌ಪ್ರೆಸ್‌ನ ಅಂಗಡಿ ಪ್ಲಗಿನ್ ಆದ ವೂಕಾಮರ್ಸ್ ಮೂಲಕವಾಗಲಿ ಕೂಡಬೇಕು. ಟ್ಯೂಟರ್‌ನ ಉಚಿತ ಆವೃತ್ತಿ ವೂಕಾಮರ್ಸ್ ಜೊತೆ ಕೂಡುತ್ತದೆ. ಲರ್ನ್‌ಪ್ರೆಸ್‌ನಲ್ಲಿ ಅದೇ ಕೆಲಸಕ್ಕೆ ಬೇರೆ ದುಡ್ಡು ಕೊಡಬೇಕು. ‘ಉಚಿತ’ ಎಂಬ ಹಣೆಪಟ್ಟಿಯ ಹಿಂದೆ ಹೀಗೆ ನೋಡದಿದ್ದರೆ ಪುಕ್ಕಟೆಯದೇ ದುಬಾರಿಯಾಗುತ್ತದೆ. ಗೇಟ್‌ವೇ ಶುಲ್ಕ ಶೇ 2, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಎಂದು ಹಿಡಿದರೆ 2,000 ರೂಪಾಯಿಗೆ 47 ರೂಪಾಯಿ 20 ಪೈಸೆ ಹೋಗುತ್ತದೆ. ಇದು ಪ್ರತಿ ಅಡ್ಮಿಷನ್ನಿನಲ್ಲೂ ಹೋಗುವ ರೊಕ್ಕ. ಸಾವಿರ ವಿದ್ಯಾರ್ಥಿಗಳಾದರೆ 47,200 ರೂಪಾಯಿ, ಮೇಲಿನ ಪ್ಲಗಿನ್ ಬೆಲೆಯ ಎರಡೂವರೆ ಪಟ್ಟಿಗೂ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಮೊತ್ತ ತೆರಿಗೆಯದು, ಪ್ಲಗಿನ್ ಚರ್ಚೆಯಲ್ಲಿ ಯಾರೂ ಎತ್ತದ ಮಾತೂ ಅದೇ. ಶಾಲೆ ಕಾಲೇಜಿಗೆ ಇರುವ ಜಿಎಸ್‌ಟಿ ವಿನಾಯಿತಿ ಖಾಸಗಿ ಕೋಚಿಂಗಿಗೆ ಇಲ್ಲ. ದರ ಶೇ 18. ಕರ್ನಾಟಕದಲ್ಲಿ ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಒಂದೇ ಪ್ಯಾನ್ ಕೆಳಗೆ ಬರುವ ತರಗತಿಯ ಫೀ, ಆನ್‌ಲೈನ್ ಫೀ ಎರಡೂ ಇಲ್ಲಿ ಕೂಡುತ್ತವೆ. ನೋಂದಣಿಯಾದ ಮೇಲೂ 2,000 ರೂಪಾಯಿಯ ಬೆಲೆಯನ್ನು ಹಾಗೇ ಇಟ್ಟರೆ ಅದರಲ್ಲಿ 305 ರೂಪಾಯಿ ತೆರಿಗೆ, ನಿಮ್ಮದು 1,695. ಸಣ್ಣ ಸೇವೆಗಳಿಗೆ 50 ಲಕ್ಷದವರೆಗೆ ಶೇ 6ರ ರಾಜಿ ತೆರಿಗೆ ಇದೆಯಲ್ಲ ಎನ್ನಬಹುದು. ಆದರೆ ಬೇರೆ ರಾಜ್ಯಕ್ಕೆ ಮಾರುವವರಿಗೆ ಅದು ಸಿಗದು. ಜತ್ತ, ಅಕ್ಕಲಕೋಟೆ, ಕಾಸರಗೋಡಿನ ಕನ್ನಡದ ಹುಡುಗನೊಬ್ಬನಿಗೆ ಕೋರ್ಸ್ ಮಾರಿದರೂ ಅದು ಅಂತರರಾಜ್ಯ ವಹಿವಾಟೇ. ಹಾಗಾಗಿ ಫೀ ಕಟ್ಟುವ ಪುಟದಲ್ಲಿ ವಿದ್ಯಾರ್ಥಿಯ ರಾಜ್ಯ ಕೇಳಿ ದಾಖಲಿಸುವ, ಅದಕ್ಕೆ ತಕ್ಕ ಬಿಲ್ಲು ಕೊಡುವ ವ್ಯವಸ್ಥೆ ಬೇಕೇ ಬೇಕು. ಬಣ್ಣದ ಥೀಮು ಆಯುವುದಕ್ಕಿಂತ ಮುಂಚೆ ನಿಮ್ಮ ಲೆಕ್ಕಪರಿಶೋಧಕರಿಗೆ ಈ ಪುಟ ತೋರಿಸಿ.

ಈ ವಾದಕ್ಕೆ ಬರುವ ಆಕ್ಷೇಪಗಳು ಗಟ್ಟಿಯಾಗಿಯೇ ಇವೆ. ಇಷ್ಟೆಲ್ಲ ತಾಪತ್ರಯ ಯಾಕೆ, ಆನ್‌ಲೈನ್ ಕೋರ್ಸುಗಳ ಮಾರುಕಟ್ಟೆಯಾದ ಯೂಡೆಮಿಗೆ ಹಾಕಿದರಾಯಿತಲ್ಲ ಎಂಬುದು ಒಂದು. ನೀವೇ ಕಳಿಸಿದ ವಿದ್ಯಾರ್ಥಿ ಕೊಂಡರೆ ಯೂಡೆಮಿ ನಿಮಗೆ ಶೇ 97 ಕೊಡುತ್ತದೆ, ತಾನೇ ಹುಡುಕಿ ತಂದರೆ ಶೇ 37. ಆದರೆ ಧಾರವಾಡದ ಮೇಷ್ಟ್ರ ಎಫ್‌ಡಿಎ ಕೋರ್ಸಿಗೆ ಬರುವವರು ಮೇಷ್ಟ್ರ ಹೆಸರು ಕೇಳಿಯೇ ಬರುವವರು. ಅವರ ಹೆಸರು, ನಂಬರು, ಅಂಕಗಳ ದಾಖಲೆ ಮುಂದಿನ ನೋಟಿಫಿಕೇಶನ್ನಿಗೆ ನಿಮ್ಮ ಬಂಡವಾಳ. ಅದು ನಿಮ್ಮ ಸೈಟಿನಲ್ಲೇ ಇರಬೇಕು. ಮತ್ತೊಂದು ಆಕ್ಷೇಪ ಉಚಿತ ಪ್ಲಗಿನ್ನಿನ ಸುರಕ್ಷತೆಯ ಬಗ್ಗೆ. 2020ರಲ್ಲಿ ಸೈಬರ್ ಭದ್ರತಾ ಸಂಸ್ಥೆ ಚೆಕ್ ಪಾಯಿಂಟ್ ಲರ್ನ್‌ಪ್ರೆಸ್, ಲಿಫ್ಟರ್‌ಎಲ್‌ಎಂಎಸ್, ಲರ್ನ್‌ಡ್ಯಾಶ್ ಮೂರರಲ್ಲೂ ಭದ್ರತಾ ಲೋಪ ಪತ್ತೆ ಮಾಡಿತು. ದುಡ್ಡು ಕೊಟ್ಟದ್ದೂ ಕೊಡದ್ದೂ ಅಲ್ಲಿ ಒಂದೇ ಸಾಲಿನಲ್ಲಿದ್ದವು. ಕಾಪಾಡುವುದು ಬಂದ ಅಪ್‌ಡೇಟನ್ನು ತಕ್ಷಣ ಹಾಕುವ ಶಿಸ್ತು. ದುಬಾರಿ ಪ್ಲಗಿನ್ನಿನ ಕಳ್ಳ ಪ್ರತಿಯನ್ನು ಐನೂರು ರೂಪಾಯಿಗೆ ಹಾಕಿಕೊಡುತ್ತೇನೆ ಎನ್ನುವವರಿಗೆ ಬಾಗಿಲು ಮುಚ್ಚಿ. ಅದಕ್ಕೆ ಅಧಿಕೃತ ಅಪ್‌ಡೇಟ್ ಬರುವುದಿಲ್ಲ, ಒಳಗೆ ಏನು ಸೇರಿಸಿದ್ದಾರೋ ತಿಳಿಯುವುದೂ ಇಲ್ಲ.

ವಿಡಿಯೊ ಕದ್ದು ಟೆಲಿಗ್ರಾಂಗೆ ಹಾಕುತ್ತಾರಲ್ಲ ಎಂಬ ಭಯ ಸುಳ್ಳಲ್ಲ. ದಿಲ್ಲಿಯ ಕೋಚಿಂಗ್ ಶಿಕ್ಷಕಿ ನೀತು ಸಿಂಗ್ ಇದೇ ದೂರಿನೊಂದಿಗೆ ದಿಲ್ಲಿ ಹೈಕೋರ್ಟಿಗೆ ಹೋದಾಗ, ಹಾಗೆ ಪಾಠ ಹಂಚುತ್ತಿದ್ದ ಚಾನೆಲ್‌ಗಳನ್ನು ನಡೆಸುವವರ ವಿವರ ಕೊಡುವಂತೆ ಟೆಲಿಗ್ರಾಂಗೆ ಕೋರ್ಟು 2022ರ ಆಗಸ್ಟಿನಲ್ಲಿ ಆದೇಶಿಸಿತು. ಆದರೆ ಕಳ್ಳತನ ತಡೆಯುವುದು ಪ್ಲಗಿನ್ನಿನ ಕೆಲಸವಲ್ಲ, ವಿಡಿಯೊ ಇಡುವ ಸೇವೆಯದು. ನಕಲು ತಡೆಯುವ ಡಿಆರ್‌ಎಂ ತಂತ್ರ ಮತ್ತು ವಿದ್ಯಾರ್ಥಿಯ ಮೊಬೈಲ್ ನಂಬರು ಪರದೆಯ ಮೇಲೆ ಮೂಡಿಸುವ ಸೌಲಭ್ಯ ಅಲ್ಲಿ ಸಿಗುತ್ತದೆ. ಪ್ಲಗಿನ್ನಿನಲ್ಲಿ ಉಳಿದ ದುಡ್ಡು ಅಲ್ಲಿಗೆ ಹೋಗಲಿ. ಹಾಗೆಯೇ ಎಲ್ಲರಿಗೂ ಪ್ಲಗಿನ್ ಬೇಕೆಂದೂ ಇಲ್ಲ. ಹುಬ್ಬಳ್ಳಿ ಧಾರವಾಡದ ಹಿಂದುಸ್ತಾನಿ ಗಾಯನದ ಗುರುವೊಬ್ಬರು ಹತ್ತು ಹನ್ನೆರಡು ಶಿಷ್ಯರಿಗೆ ವಿಡಿಯೊ ಕಾಲ್‌ನಲ್ಲಿ ಸ್ವರ ತಿದ್ದುತ್ತಾರೆಂದರೆ, ಅವರಿಗೆ ಬೇಕಾದದ್ದು ಯುಪಿಐ ಮತ್ತು ಒಂದು ಲೆಕ್ಕದ ಪುಸ್ತಕ. ಶಿಷ್ಯರು ವಿದೇಶದಲ್ಲಿದ್ದರೆ ಅಲ್ಲಿಂದ ಹಣ ತರಿಸಲು ಪೇಪಾಲ್ ಈಗಲೂ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಮಾಡಬೇಕಾದದ್ದು ಇಷ್ಟು. ವೂಕಾಮರ್ಸ್ ಜೊತೆ ಕೂಡುವ ಉಚಿತ ಪ್ಲಗಿನ್ ಒಂದನ್ನು ಹಾಕಿ, ಒಂದೇ ಕೋರ್ಸಿನಿಂದ ಶುರು ಮಾಡಿ. ಮಾರುವ ಮುಂಚೆ ಒಂದು ರೂಪಾಯಿಯ ಫೀಯನ್ನು ಯುಪಿಐನಲ್ಲಿ ಕಟ್ಟಿ ನೋಡಿ, ‘ಹುಬ್ಬಳ್ಳಿ’ ಎಂದು ಸರ್ಟಿಫಿಕೇಟಿನಲ್ಲಿ ಮುದ್ರಿಸಿ ಒತ್ತಕ್ಷರ ಚದುರಿಲ್ಲವೆಂದು ಖಚಿತಪಡಿಸಿಕೊಳ್ಳಿ, ವಿದ್ಯಾರ್ಥಿಗಳ ಪಟ್ಟಿಯನ್ನು ಹೊರತೆಗೆದು ಉಳಿಸಿಕೊಳ್ಳಲು ಬರುತ್ತದೆಯೇ ಪರೀಕ್ಷಿಸಿ. ದುಡ್ಡಿನ ಪ್ಲಗಿನ್ ಕೊಳ್ಳುವ ದಿನ ಬರುವುದು ಅದರ ವಾರ್ಷಿಕ ಬೆಲೆ ಹಿಂದಿನ ವರ್ಷದ ನಿವ್ವಳ ಉಳಿಕೆಯಲ್ಲಿ ಶೇ 5ಕ್ಕಿಂತ ಕೆಳಗಿಳಿದಾಗ. ಅಲ್ಲಿಯವರೆಗೆ ಆ 17,000 ರೂಪಾಯಿಯನ್ನು ವಿಡಿಯೊ ಇಡುವ ಸೇವೆಗೆ, ಒಳ್ಳೆಯ ಮೈಕಿಗೆ, ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರ ಸಂಬಳಕ್ಕೆ ಹಾಕಿ. ವಿದ್ಯಾರ್ಥಿ ಫೀ ಕಟ್ಟುವುದು ಪಾಠಕ್ಕೆ.